ಬೆಟ್ಟದಾಚೆಯ ನರ್ಸಿಂಗ್ ಸ್ಕೂಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕಥೆಯಲ್ಲಿ ನಾನು ಎರಡು ಸಲ ಕೂಗಾಡುತ್ತೇನೆ, ಎರಡು ಸಲವೂ ತಪ್ಪು ನನ್ನದೇ. ಕೆಂಟಕಿಯ ಈ ಗುಡ್ಡಗಳಲ್ಲಿ ಇಪ್ಪತ್ತಾರು ವರ್ಷ ಸ್ಕೂಲ್ ಬಸ್ಸು ಓಡಿಸಿದ್ದೇನೆ. ಬೆನ್ನ ಹಿಂದೆ ನಲವತ್ತು ಹುಡುಗರ ಗಲಾಟೆ, ಮುಂದೆ ಕಲ್ಲಿದ್ದಲು ಲಾರಿ, ಪಕ್ಕದಲ್ಲಿ ಪ್ರಪಾತ. ಇಂಥ ಕೆಲಸ ಮಾಡಿದವನಿಗೆ ಶಾಂತ ಸ್ವಭಾವ ಎಲ್ಲಿಂದ ಬರಬೇಕು? ಇರಲಿ, ಇದು ನನ್ನ ಕಥೆಯಲ್ಲ. ಇದು ರೀವಾ ಸೈಜ್‌ಮೋರಳ ಕಥೆ.

ರೀವಾ ನಮ್ಮೂರಿನ ವೃದ್ಧರ ಆರೈಕೆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಆಯಾ ಆಗಿದ್ದವಳು. ಆಗ ಅವಳಿಗೆ ಮೂವತ್ತೊಂಬತ್ತು. ಗಿಡ್ಡ ಹೆಂಗಸು, ಗಟ್ಟಿ ತೋಳು, ನಕ್ಕರೆ ಕಾರಿಡಾರಿನ ಆ ತುದಿಗೂ ಕೇಳಿಸಬೇಕು. ಗಂಡ ಕ್ಲೆಲ್ ಗಣಿಯಲ್ಲಿ ಶ್ವಾಸಕೋಶ ಹಾಳುಮಾಡಿಕೊಂಡು ಮನೆಯಲ್ಲಿ ಆಮ್ಲಜನಕದ ಸಿಲಿಂಡರಿನ ಪಕ್ಕ ಕೂತಿದ್ದ. ನನ್ನ ಅಮ್ಮ ಡೆಲ್ಫಾ ಅದೇ ಆರೈಕೆ ಮನೆಯ ಹನ್ನೊಂದನೇ ಕೋಣೆಯಲ್ಲಿದ್ದಳು. ಸೊಂಟದ ಮೂಳೆ ಮುರಿದು ಅಲ್ಲಿಗೆ ಹೋದವಳು ಮತ್ತೆ ಮನೆಗೆ ಬರಲಿಲ್ಲ. ಅವಳ ಮೈತೊಳೆದು, ತಲೆಬಾಚಿ, ಬೇಯಿಸಿದ ಬೀನ್ಸನ್ನು ಚಮಚದಲ್ಲಿ ಹಿಸುಕಿ ಉಣ್ಣಿಸುತ್ತಿದ್ದವಳು ರೀವಾ. ಅಮ್ಮನಿಗೆ ಆಗ ಎಂಬತ್ತೊಂಬತ್ತು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಹೋದಾಗ ಅಮ್ಮ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು. ನೋವಿನ ಮಾತ್ರೆ ಎರಡು ಗಂಟೆಗೆ ಕೊಡಬೇಕು, ಆಗ ಮೂರಾಗುತ್ತಾ ಬಂದಿತ್ತು. ನಲವತ್ತೆರಡು ಜನ ವೃದ್ಧರಿಗೆ ಆ ಪಾಳಿಯಲ್ಲಿ ಇದ್ದದ್ದು ಒಬ್ಬಳೇ ನರ್ಸು. ಆಚೆ ತುದಿಯ ಕೋಣೆಯಲ್ಲಿ ಯಾರೋ ಬಿದ್ದು ತಲೆ ಒಡೆದುಕೊಂಡಿದ್ದರು, ಅವಳು ಅಲ್ಲಿದ್ದಳು. ಮಾತ್ರೆಗಳ ಗಾಡಿ ಅಮ್ಮನ ಬಾಗಿಲ ಎದುರಿಗೇ ನಿಂತಿತ್ತು.

"ಅಲ್ಲೇ ಇದೆಯಲ್ಲ ಮಾತ್ರೆ! ತೆಗೆದು ಕೊಡೋಕೆ ನಿನಗೇನು ಧಾಡಿ?" ಎಂದು ರೀವಾಳ ಮೇಲೆ ಹಾರಾಡಿದೆ. ಇದು ನನ್ನ ಮೊದಲನೇ ಕೂಗಾಟ.

"ಮಿಸ್ಟರ್ ಹೋಬರ್ಟ್, ನಿಮ್ಮಮ್ಮಂಗೆ ನಾನು ಸ್ನಾನ ಮಾಡಿಸ್ಬಹುದು, ಊಟ ಮಾಡಿಸ್ಬಹುದು, ಬಟ್ಟೆ ಬದಲಾಯಿಸ್ಬಹುದು. ಆ ಮಾತ್ರೆ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಕೆಲ್ಸ ಹೋಗತ್ತೆ. ಅದೂ ಅಲ್ದೆ ಗಾಡಿಗೆ ಬೀಗ ಹಾಕಿದೆ, ಬೀಗದ ಕೈ ನರ್ಸ್ ಹತ್ರ."

ಹಾಗೆಂದು ಅವಳು ಹಾಸಿಗೆಯ ಪಕ್ಕ ಕೂತು ಅಮ್ಮನ ಕೈ ಹಿಡಿದುಕೊಂಡಳು. ಐವತ್ತು ನಿಮಿಷ ಬಿಡಲಿಲ್ಲ. ನಾನು ಕಿಟಕಿಯ ಹತ್ತಿರ ಟೋಪಿ ಹಿಸುಕುತ್ತಾ ನಿಂತಿದ್ದೆ. ನನ್ನ ಅಮ್ಮನ ಕೈ ಅದು, ಹಿಡಿಯಲು ನನಗೂ ಎರಡು ಕೈ ಇದ್ದವು. ಆದರೆ ನಮ್ಮ ಮನೆತನದಲ್ಲಿ ಗಂಡಸರು ಹಾಗೆಲ್ಲ ಕೈ ಹಿಡಿದವರಲ್ಲ.

ಮುಂದಿನ ವಾರ ರೀವಾ ನನ್ನನ್ನು ಕಾರಿಡಾರಿನಲ್ಲಿ ತಡೆದಳು. "ನಾನು ನರ್ಸಿಂಗ್ ಓದ್ತೀನಿ ಮಿಸ್ಟರ್ ಹೋಬರ್ಟ್. ಒಂದು ವರ್ಷದ ಕೋರ್ಸು. ಆ ಬೀಗದ ಕೈ ನನಗೆ ಬೇಕು."

ಅವಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ನಮ್ಮೂರಿನ ಅಂಗಡಿ ಸಾಲಿನಲ್ಲಿ, ಮೊದಲು ಚಪ್ಪಲಿ ಅಂಗಡಿ ಇದ್ದ ಜಾಗದಲ್ಲಿ ತೆರೆದಿದ್ದ ಖಾಸಗಿ ಶಾಲೆಯದು. ಮನೆಯಿಂದ ಹತ್ತು ನಿಮಿಷ. ಸಂಜೆ ತರಗತಿ, ಹಗಲಿನ ಕೆಲಸ ಬಿಡಬೇಕಾಗಿಲ್ಲ. ಮುಂದಿನ ತಿಂಗಳೇ ಶುರು. ಮೂರು ಜೊತೆ ಸಮವಸ್ತ್ರ ಪುಕ್ಕಟೆ, ಸ್ಟೆತಾಸ್ಕೋಪು ಪುಕ್ಕಟೆ. ಇನ್ನೊಂದು ಬ್ಲ್ಯಾಕ್‌ಗಮ್ ಬೆಟ್ಟದ ಆಚೆ, ಪಕ್ಕದ ಜಿಲ್ಲೆಯ ಸರ್ಕಾರಿ ವೃತ್ತಿ ಶಾಲೆಯದು. ನಲವತ್ತಾರು ಮೈಲಿ. ಬೆಳಿಗ್ಗೆ ಎಂಟೂಕಾಲರಿಂದ ಎರಡೂವರೆ. ಹದಿನಾರೇ ಸೀಟು, ಪ್ರವೇಶ ಪರೀಕ್ಷೆ ಬೇರೆ.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದೆ. "ಕಾಲ ಬುಡದಲ್ಲಿರೋದು ಬಿಟ್ಟು ಬೆಟ್ಟ ಯಾಕೆ ಹತ್ತುತೀಯ? ನಿನ್ನ ಆ ಡಬ್ಬಾ ಕಾರು ದಿನಸಿ ಅಂಗಡಿವರೆಗೆ ಹೋದ್ರೆ ದೊಡ್ಡದು."

"ಹತ್ತಿರದ್ದಕ್ಕೆ ಇಪ್ಪತ್ತಮೂರು ಸಾವಿರ ಡಾಲರ್. ದೂರದ್ದಕ್ಕೆ ನಾಲ್ಕು ಸಾವಿರದ ಇನ್ನೂರು."

ನಾನು ಬಗ್ಗಿ ಆ ಎರಡೂ ಕಾಗದಗಳನ್ನು ಮತ್ತೊಮ್ಮೆ ಓದಿದೆ.

ರೀವಾಳಿಗೆ ಲೆಕ್ಕ ಹಾಕುವ ಒಂದು ವಿಚಿತ್ರ ಅಭ್ಯಾಸವಿತ್ತು. ಅವಳ ಕೂಲಿ ಗಂಟೆಗೆ ಎಂಟು ಡಾಲರ್. ಒಬ್ಬ ವೃದ್ಧರ ಸ್ನಾನಕ್ಕೆ ಅರ್ಧ ಗಂಟೆ. ಅಂದರೆ ಒಂದು ಸ್ನಾನಕ್ಕೆ ನಾಲ್ಕು ಡಾಲರ್. ಅವಳು ಏನನ್ನು ಕೊಂಡರೂ ಸ್ನಾನದಲ್ಲೇ ಅಳೆಯುತ್ತಿದ್ದಳು. ಚಳಿಗಾಲದ ಬೂಟಿಗೆ ಹತ್ತು ಸ್ನಾನ. ಕ್ಲೆಲ್‌ನ ಹುಟ್ಟುಹಬ್ಬದ ಸೇಬಿನ ಕೇಕಿಗೆ ಎರಡು ಸ್ನಾನ.

"ಇದು ಐದು ಸಾವಿರದ ಏಳುನೂರ ಐವತ್ತು ಸ್ನಾನ," ಎಂದು ಮೊದಲ ಕಾಗದವನ್ನು ಎತ್ತಿ ತೋರಿಸಿದಳು. "ಅದು ಸಾವಿರದ ಐವತ್ತು."

ಒಳಗಿನಿಂದ ಅಮ್ಮ ಕೂಗಿದಳು, "ಏ ರೀವಾ! ಅಷ್ಟು ಸ್ನಾನ ಮಾಡಿಸಿದ್ರೆ ನಾವೆಲ್ಲ ಕರಗಿ ಹೋಗ್ತೀವಿ ಕಣೇ!"

ಖಾಸಗಿ ಶಾಲೆಯ ಹೆಂಗಸು ದಿನಕ್ಕೊಂದು ಸಲ ಫೋನು ಮಾಡುತ್ತಿದ್ದಳು. ಒಳ್ಳೆಯ ಮಾತಿನವಳು. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅಲ್ಲಿ ಓದಿದವರೂ ನರ್ಸುಗಳಾಗಿದ್ದಾರೆ, ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ರೀವಾಳಿಗೆ ಆಸೆ ಹುಟ್ಟಿದ್ದೂ ನಿಜ. ಸಂಜೆ ತರಗತಿ ಮುಗಿಸಿ ಹತ್ತು ನಿಮಿಷದಲ್ಲಿ ಕ್ಲೆಲ್‌ನ ಪಕ್ಕ ಇರಬಹುದಿತ್ತು. ಸಾಲ ಕೊಡಲು ಬ್ಯಾಂಕಿನವರು ತುದಿಗಾಲಲ್ಲಿ ನಿಂತಿದ್ದರು. ಆದರೆ ಕ್ಲೆಲ್ ಮೂಗಿನ ನಳಿಕೆ ಸರಿಮಾಡಿಕೊಂಡು ಹೇಳಿದನಂತೆ, "ನಾನು ಸಾಯೋದು ಖಂಡಿತ. ಯಾವಾಗ ಅನ್ನೋದು ಮಾತ್ರ ಗೊತ್ತಿಲ್ಲ. ಆಮೇಲೆ ನೀನೊಬ್ಳೇ ಆ ಸಾಲ ಹೊತ್ಕೊಂಡು ಕೂತ್ಕೊಳ್ಳೋದು ನಂಗೆ ಬೇಡ ಕಣೇ. ಹಗಲು ಹೊತ್ತು ನಾನು ಹೇಗೋ ಇರ್ತೀನಿ. ಟೀವಿ ಇದೆ, ನಾಯಿ ಇದೆ."

ಅವಳು ಬೆಟ್ಟದಾಚೆಯ ಶಾಲೆಯ ಪರೀಕ್ಷೆ ಬರೆದಳು. ಹದಿನಾರು ಸೀಟಿನಲ್ಲಿ ಹದಿನೈದನೆಯವಳಾಗಿ ಬಂದಳು. ವಾರದ ಐದು ದಿನ ಓದು, ಶನಿವಾರ ಭಾನುವಾರ ಹನ್ನೆರಡು ಹನ್ನೆರಡು ಗಂಟೆ ಆರೈಕೆ ಮನೆಯ ಕೆಲಸ ಎಂದು ತೀರ್ಮಾನವಾಯಿತು. ಫೀಸಿನ ದೊಡ್ಡ ಪಾಲಿಗೆ ಸರ್ಕಾರದ ನೆರವು ಸಿಕ್ಕಿತು. ಉಳಿದದ್ದು ಒಂದೇ ಪ್ರಶ್ನೆ, ದಿನಾ ಬೆಟ್ಟ ದಾಟುವುದು ಹೇಗೆ?

ಇಲ್ಲಿ ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. ಹೊಳೆಯುವುದು ಅಪರೂಪ, ಆದ್ದರಿಂದ ಹೇಳಿಕೊಳ್ಳುತ್ತಿದ್ದೇನೆ. ನಮ್ಮ ಜಿಲ್ಲೆಯ ಹೈಸ್ಕೂಲಿನಿಂದ ವೆಲ್ಡಿಂಗ್, ಬಡಗಿ ಕೆಲಸ ಕಲಿಯುವ ಹುಡುಗರನ್ನು ಅದೇ ವೃತ್ತಿ ಶಾಲೆಗೆ ದಿನಾ ಕರೆದುಕೊಂಡು ಹೋಗುತ್ತಿದ್ದ ಬಸ್ಸು ನನ್ನದೇ. ಬೆಳಿಗ್ಗೆ ಏಳಕ್ಕೆ ಹೊರಟರೆ ಎಂಟು ಹತ್ತಕ್ಕೆ ಅಲ್ಲಿ. ಎರಡೂವರೆಗೆ ವಾಪಸು. ಆದರೆ ಸ್ಕೂಲ್ ಬಸ್ಸಿನಲ್ಲಿ ಹೊರಗಿನವರನ್ನು ಕೂರಿಸುವಂತಿಲ್ಲ. ಕೂರುವ ಹಕ್ಕಿರುವ ದೊಡ್ಡವರು ಇಬ್ಬರೇ. ಒಬ್ಬ ಡ್ರೈವರು, ಇನ್ನೊಬ್ಬರು ಹುಡುಗರನ್ನು ಹದ್ದುಬಸ್ತಿನಲ್ಲಿಡುವ ಮೇಲ್ವಿಚಾರಕರು. ನನ್ನ ಬಸ್ಸಿನ ಮೇಲ್ವಿಚಾರಕ ಮಾರ್ಚಿನಲ್ಲೇ ಕೆಲಸ ಬಿಟ್ಟು ಓಡಿಹೋಗಿದ್ದ. ಹುಡುಗರು ಅವನ ಊಟದ ಡಬ್ಬಿಯಲ್ಲಿ ಜೀವಂತ ಏಡಿ ಇಟ್ಟಿದ್ದರು.

ಬಸ್ಸುಗಳ ಅಧಿಕಾರಿ ಲೋವೆಲ್‌ನ ಕಚೇರಿಗೆ ಹೋದೆ. "ಏಡಿ ಬಸ್ಸಿಗೆ ಒಬ್ರು ಸಿಕ್ಕಿದ್ದಾರೆ," ಎಂದೆ.

"ಯಾರಪ್ಪ ಆ ಪುಣ್ಯಾತ್ಮ?"

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ನಲವತ್ತೆರಡು ಮುದುಕರನ್ನ ಸಂಭಾಳಿಸಿದೋಳು. ನಲವತ್ತು ಹುಡುಗ್ರು ಅವಳಿಗೆ ಯಾವ ಲೆಕ್ಕ?"

ಲೋವೆಲ್ ಅರ್ಜಿ ನಮೂನೆಯನ್ನು ಮೇಜಿನ ಮೇಲೆ ತಳ್ಳಿದ. ಗಂಟೆಗೆ ಏಳೂವರೆ ಡಾಲರ್. ಹೀಗೆ, ದಾರಿಖರ್ಚಿಗೆ ದುಡ್ಡೆಲ್ಲಿ ಎಂದು ಅಳುತ್ತಿದ್ದವಳಿಗೆ ದಾರಿಯೇ ಸಂಬಳ ಕೊಡತೊಡಗಿತು. ಅಮ್ಮನಿಗೆ ಹೇಳಿದಾಗ, "ನಿನ್ನ ತಲೆ ಟೋಪಿ ಇಡೋಕೆ ಮಾತ್ರ ಅಂದ್ಕೊಂಡಿದ್ದೆ," ಎಂದಳು. ನನ್ನ ಅಮ್ಮನ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು.

ಆಗಸ್ಟಿನಿಂದ ರೀವಾ ನನ್ನ ಬಸ್ಸಿನ ಮುಂದಿನ ಸೀಟಿಗೆ ಬಂದಳು. ಮೊದಲ ದಿನವೇ ಎದ್ದುನಿಂತು ಹುಡುಗರಿಗೆ ಹೇಳಿದಳು, "ನೋಡ್ರಪ್ಪ, ನಂಗೆ ನಾಡಿ ಎಣಿಸೋದು ಅಭ್ಯಾಸ ಆಗ್ಬೇಕು. ದಿನಾ ನಾಲ್ಕು ಜನರ ಕೈ ಬೇಕು. ಮಾತಾಡಿದ್ರೆ ಲೆಕ್ಕ ತಪ್ಪತ್ತೆ." ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಬಸ್ಸು ತೆಪ್ಪಗಾಯಿತು. ಅಪ್ಪನ ಮಾತನ್ನೂ ಕೇಳದ ಹುಡುಗರು ಅಂಗಿತೋಳು ಮಡಚಿ ಸರದಿಯಲ್ಲಿ ಕಾಯುತ್ತಿದ್ದರು. ಔಷಧಗಳ ಹೆಸರನ್ನು ಅವಳು ಜೋರಾಗಿ ಬಾಯಿಪಾಠ ಮಾಡುತ್ತಿದ್ದಳು. ಡಿಸೆಂಬರಿನ ಹೊತ್ತಿಗೆ ರಕ್ತದೊತ್ತಡದ ಹನ್ನೊಂದು ಮಾತ್ರೆಗಳ ಹೆಸರು ನನಗೂ ಬರುತ್ತಿತ್ತು.

ಎಲ್ಲ ಲೆಕ್ಕ ಹಾಕಿದ್ದೆವು. ಫೀಸು, ದೂರ, ಸಂಬಳ, ಕ್ಲೆಲ್‌ನ ಮಧ್ಯಾಹ್ನದ ಊಟ. ಹಿಮ ಬೀಳುತ್ತದೆ ಎಂಬುದನ್ನು ಮಾತ್ರ ಮರೆತಿದ್ದೆವು. ಬೇರೆ ಊರಿನವರು ಮರೆತಿದ್ದರೆ ಕ್ಷಮಿಸಬಹುದಿತ್ತು. ಹಿಮ ಬಿದ್ದ ದಿನ ಶಾಲೆಗೆ ರಜೆ ಎಂಬುದು ನಮ್ಮಲ್ಲಿ ಸೂರ್ಯ ಹುಟ್ಟಿದಷ್ಟು ಸಹಜ. ಅದಕ್ಕೇ ಯಾರ ತಲೆಗೂ ಬರಲಿಲ್ಲ. ಬೆಳಿಗ್ಗೆ ಐದೂವರೆಗೆ ರೇಡಿಯೋದಲ್ಲಿ ಮುಚ್ಚಿದ ಜಿಲ್ಲೆಗಳ ಪಟ್ಟಿ ಓದುತ್ತಾರೆ. ನಮ್ಮ ಜಿಲ್ಲೆಯ ಹೆಸರು ಕೇಳಿದ ಕೂಡಲೇ ಮಕ್ಕಳು ಕುಣಿಯುತ್ತಾರೆ, ನಾನು ಮಗ್ಗುಲು ಬದಲಿಸಿ ಮಲಗುತ್ತೇನೆ. ಇಪ್ಪತ್ತಾರು ವರ್ಷ ನನಗೆ ಅದಕ್ಕಿಂತ ಸಿಹಿಯಾದ ಮಾತೇ ಇರಲಿಲ್ಲ.

ನರ್ಸಿಂಗ್ ತರಗತಿಗೆ ಮಾತ್ರ ರಜೆ ಇಲ್ಲ. ರೋಗಿಗಳಿಗೆ ಹಿಮ ಬಿತ್ತೆಂದು ರೋಗ ನಿಲ್ಲುತ್ತದೆಯೇ ಎಂದು ಕೇಳುವ ಟೀಚರು ಅವಳಿಗೆ ಸಿಕ್ಕಿದ್ದಳು. ಇಡೀ ವರ್ಷಕ್ಕೆ ಐದು ದಿನ ತಪ್ಪಿಸಿಕೊಳ್ಳಬಹುದು. ಆರನೆಯ ದಿನ ಹೆಸರು ಹೊಡೆದುಹಾಕುತ್ತಾರೆ. ಜನವರಿಯ ಎರಡು ವಾರದಲ್ಲಿ ನಮ್ಮ ಜಿಲ್ಲೆಯ ಶಾಲೆಗಳು ಐದು ದಿನ ಮುಚ್ಚಿದವು. ಬಸ್ಸು ನಿಂತಿತು. ಐದೂ ಮುಗಿದವು.

ಆರನೆಯ ದಿನ ಸೋಮವಾರ. ರೇಡಿಯೋದಲ್ಲಿ ನಮ್ಮ ಜಿಲ್ಲೆಯ ಹೆಸರು ಬಂತು. ನನ್ನ ಹೆಂಡತಿ ಓಪಲ್ ಹೊದಿಕೆಯೊಳಗಿಂದಲೇ, "ಮಲಕ್ಕೊಳ್ಳಿ, ರಜೆ," ಎಂದಳು.

ನಾನು ಎದ್ದು ಬೂಟು ಹಾಕಿಕೊಂಡೆ.

"ಎಲ್ಲಿಗ್ರೀ? ಮಂಜುಗಡ್ಡೆ ಮೇಲೆ ಗಾಡಿ ಓಡಿಸೋನು ಮುಠ್ಠಾಳ ಅಂತ ಮದ್ವೆ ಆದಾಗಿನಿಂದ ಹೇಳ್ತಾ ಬಂದಿದ್ದೀರಿ."

"ಹೌದು. ಇವತ್ತು ಒಂದಿನ ಮುಠ್ಠಾಳ ಆಗ್ತೀನಿ."

ನನ್ನ ಹಳೇ ಪಿಕಪ್ಪಿನ ಹಿಂಭಾಗಕ್ಕೆ ಭಾರಕ್ಕೆಂದು ಹತ್ತು ಮೂಟೆ ಕಲ್ಲಿದ್ದಲು ತುಂಬಿದೆ, ಚಕ್ರಕ್ಕೆ ಸರಪಳಿ ಬಿಗಿದೆ. ರೀವಾಳ ಮನೆ ಮುಟ್ಟಿದಾಗ ಅವಳು ಸಮವಸ್ತ್ರ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು. ನಾನು ಬರುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಡೆದುಕೊಂಡೇ ಹೊರಡುವವಳಿದ್ದಳೋ ಏನೋ, ನಾನು ಕೇಳಲಿಲ್ಲ.

ಬೆಟ್ಟದ ನೆತ್ತಿಯವರೆಗೆ ಹೋದೆವು. ಅಲ್ಲಿ ಕಲ್ಲಿದ್ದಲು ಲಾರಿಯೊಂದು ಜಾರಿ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಏಳೂಕಾಲು. ರೀವಾ ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡಳು. ಲಾರಿಯ ಆಚೆ ಕಡೆಯಿಂದ ಯಾವನೋ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ನನ್ನ ಪಿತ್ತ ನೆತ್ತಿಗೇರಿತು. ಇಳಿದು ಲಾರಿಯ ಮೂತಿಗೂ ಬಂಡೆಗೂ ನಡುವಿನ ಸಂದಿಯಲ್ಲಿ ನುಗ್ಗಿ ಆಚೆ ಹೋದೆ. ಇದು ಎರಡನೇ ಕೂಗಾಟ.

"ಏನಯ್ಯಾ, ಹಾರ್ನ್ ಹೊಡೆದ್ರೆ ಲಾರಿ ರೆಕ್ಕೆ ಕಟ್ಕೊಂಡು ಹಾರಿ ಹೋಗತ್ತಾ?"

ಅದು ಬ್ರೆಡ್ಡಿನ ವ್ಯಾನು. ಚಾಲಕ ಡಾಯ್ಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಪಕ್ಕದ ಜಿಲ್ಲೆಯ ಬೇಕರಿಯಿಂದ ದಿನಾ ಬೆಳಿಗ್ಗೆ ನಮ್ಮ ಆರೈಕೆ ಮನೆಯ ಅಡುಗೆಮನೆಗೆ ಬ್ರೆಡ್ಡು ತರುವವನು ಅವನೇ. "ಕೂಗಬೇಡಿ ಯಜಮಾನ್ರೇ, ಲಾರಿ ಡ್ರೈವರ್‌ಗೆ ಏಟಾಗಿದ್ಯೇನೋ ಅಂತ ಹಾರ್ನ್ ಹೊಡೀತಿದ್ದೆ, ಎದ್ದೇಳ್ತಾನೇನೋ ಅಂತ. ಅಲ್ಲಿ ಮುದುಕರು ತಿಂಡಿಗೆ ಕಾಯ್ತಾ ಇರ್ತಾರೆ, ನಾನಿಲ್ಲಿ ಸಿಕ್ಕಾಕ್ಕೊಂಡಿದ್ದೀನಿ."

ಅಷ್ಟರಲ್ಲಿ ರೀವಾ ಲಾರಿಯ ಬಾಗಿಲು ತೆಗೆದು ಮೇಲೆ ಹತ್ತಿಯಾಗಿತ್ತು. ಡ್ರೈವರನ ಕಣ್ಣು ನೋಡಿದಳು, ನಾಡಿ ಹಿಡಿದಳು, ಕುತ್ತಿಗೆ ಮುಟ್ಟಿ ನೋಡಿದಳು. "ಹೆದರಿಕೊಂಡಿದ್ದಾರೆ ಅಷ್ಟೇ. ಬಿಸಿ ಕಾಫಿ ಕೊಡಿ," ಎಂದಳು. ನನ್ನ ಫ್ಲಾಸ್ಕು ಅವನ ಕೈಗೆ ಹೋಯಿತು.

ಆಗ ನಾನು ಡಾಯ್ಲ್‌ನ ಮುಖ ನೋಡಿದೆ, ಡಾಯ್ಲ್ ನನ್ನ ಮುಖ ನೋಡಿದ. ಅವನಿಗೆ ನಮ್ಮ ಕಡೆ ಬರಬೇಕು, ನಮಗೆ ಅವನ ಕಡೆ ಹೋಗಬೇಕು.

"ನಿನ್ನ ಬ್ರೆಡ್ಡು ನಂಗೆ ಕೊಡು," ಎಂದೆ. "ನನ್ನ ನರ್ಸ್‌ನ ನೀನು ಕರ್ಕೊಂಡು ಹೋಗು."

ಬ್ರೆಡ್ಡಿನ ತಟ್ಟೆಗಳನ್ನು, ಅಂದರೆ ಅಗಲವಾದ ಪ್ಲಾಸ್ಟಿಕ್ ಕ್ರೇಟುಗಳನ್ನು, ಒಂದೊಂದಾಗಿ ಲಾರಿಯ ಮೂತಿಯ ಸಂದಿಯಿಂದ ದಾಟಿಸಿದೆವು. ಕಾಫಿ ಕುಡಿದ ಡ್ರೈವರೂ ಇಳಿದು ಕೈಹಾಕಿದ. ಡಾಯ್ಲ್ ವ್ಯಾನು ತಿರುಗಿಸಿದ. ಅದರಲ್ಲಿ ಇನ್ನೊಂದು ಸೀಟಿಲ್ಲ, ರೀವಾ ಒಂದು ಖಾಲಿ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ, ಬೂಟಿನಲ್ಲಿ ನೀರು, ಮೈಯೆಲ್ಲ ಬ್ರೆಡ್ಡಿನ ಪರಿಮಳ, ಅವಳು ತರಗತಿಯೊಳಗೆ ಕಾಲಿಟ್ಟಳು. ನಾನು ಆರೈಕೆ ಮನೆಯ ಅಡುಗೆಯವಳಿಗೆ ಬ್ರೆಡ್ಡು ಮುಟ್ಟಿಸಿದಾಗ, "ಒಂದೆರಡರ ಮೇಲೆ ಕಲ್ಲಿದ್ದಲ ಮಸಿ ಇದೆಯಲ್ಲ!" ಎಂದು ರೇಗಿದಳು. ಒರೆಸಿಕೊಂಡು ತಿನ್ನಿ ಎಂದು ಹೇಳಿ ಬಂದೆ.

ಮರುದಿನವೂ ರಜೆ. ನಾನು ಮತ್ತೆ ಸರಪಳಿ ಬಿಗಿಯುತ್ತಿರುವಾಗ ಡಾಯ್ಲ್ ಫೋನು ಮಾಡಿದ. ದನಿಯಲ್ಲಿ ಸಿಟ್ಟಿತ್ತು.

"ಯಜಮಾನ್ರೇ, ನಾನು ಎಂಟು ವರ್ಷದಿಂದ ದಿನಾ ಆರೂವರೆಗೆ ಅಲ್ಲಿ ಬ್ರೆಡ್ಡು ಇಳಿಸಿ ಏಳಕ್ಕೆ ಖಾಲಿ ವ್ಯಾನ್ ತಗೊಂಡು ಈ ಕಡೆ ಬರ್ತೀನಿ. ಆ ಶಾಲೆ ಗೇಟಿನ ಮುಂದೆನೇ ಬರ್ತೀನಿ. ಆಕೆ ಐದು ದಿನ ಕಳ್ಕೊಂಡ್ರಂತಲ್ಲ. ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಬೈದದ್ದು ಸರಿಯೇ. ಎಂಟು ವರ್ಷ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನಿಗೆ ಶುಭೋದಯ ಹೇಳಿದವಳು ರೀವಾ. ಅವನು ತಂದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿಂದವಳು ನನ್ನ ಅಮ್ಮ. ಬ್ರೆಡ್ಡು ಎಲ್ಲಿಂದ ಬರುತ್ತದೆ, ಆ ವ್ಯಾನು ಎಲ್ಲಿಗೆ ವಾಪಸು ಹೋಗುತ್ತದೆ ಎಂದು ನಾವು ಯಾರೂ ಒಂದು ದಿನ ಯೋಚಿಸಲಿಲ್ಲ. ನಮ್ಮ ಕಡೆ ಜನ ಹೀಗೆಯೇ. ಬೇರೆಯವರು ಕೇಳಿದರೆ ಅಂಗಿ ಬಿಚ್ಚಿ ಕೊಡುತ್ತೇವೆ, ನಮಗೆ ಬೇಕಾದಾಗ ಬಾಯಿ ತೆರೆಯುವುದಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಶಾಲೆಗಳು ಇನ್ನೂ ಹದಿಮೂರು ದಿನ ಮುಚ್ಚಿದವು. ಹದಿಮೂರೂ ದಿನ ರೀವಾ ಬ್ರೆಡ್ಡಿನ ತಟ್ಟೆಯ ಮೇಲೆ ಕೂತು ಬೆಟ್ಟ ದಾಟಿದಳು, ಸಂಜೆ ಸಹಪಾಠಿಯೊಬ್ಬಳ ಕಾರಿನಲ್ಲಿ ಬಂದಳು. ಪೆಟ್ರೋಲಿಗೆಂದು ನಾನು ಕೊಟ್ಟ ದುಡ್ಡನ್ನು ಡಾಯ್ಲ್ ನನ್ನ ಜೇಬಿಗೇ ತುರುಕಿದ. ರೀವಾ ಮಾತ್ರ ಋಣ ಇಟ್ಟುಕೊಳ್ಳಲಿಲ್ಲ. ದಿನಾ ಅವನ ರಕ್ತದೊತ್ತಡ ನೋಡಿ, ಬೈದು, ಡಾಕ್ಟರ ಹತ್ತಿರ ಅಟ್ಟಿದಳು. ಅವನು ಈಗ ನನಗೆ ಹೆಸರು ಗೊತ್ತಿರುವ ಹನ್ನೊಂದರಲ್ಲಿ ಒಂದು ಮಾತ್ರೆ ನುಂಗುತ್ತಾನೆ.

ಜುಲೈನಲ್ಲಿ ಕೋರ್ಸು ಮುಗಿಯಿತು, ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಪರೀಕ್ಷೆ. ಪಾಸಾದ ಸುದ್ದಿ ಬಂದ ದಿನ ಕ್ಲೆಲ್ ನಳಿಕೆ ಕಿತ್ತುಹಾಕಿ ಅವಳಿಗೆ ಮುತ್ತು ಕೊಟ್ಟನಂತೆ. ನರ್ಸಮ್ಮನಿಂದ ಬೈಗುಳವೂ ತಿಂದನಂತೆ.

ಅಕ್ಟೋಬರಿನ ಶರತ್ಕಾಲದ ರಜೆಯಲ್ಲಿ ನಾನು ಅಮ್ಮನ ಕೋಣೆಯಲ್ಲಿ ಕೂತಿದ್ದೆ. ಎರಡು ಗಂಟೆಗೆ ಮಾತ್ರೆಗಳ ಗಾಡಿ ಬಾಗಿಲಿಗೆ ಬಂತು. ಗಾಡಿಯ ಹಿಂದೆ ರೀವಾ. ಕೊರಳಿನ ದಾರದಲ್ಲಿ ಬೀಗದ ಕೈ ತೂಗುತ್ತಿತ್ತು.

"ನಿಮ್ಮ ಹೆಸರು ಹೇಳಿ, ಹುಟ್ಟಿದ ದಿನ ಹೇಳಿ," ಎಂದಳು.

ಅಮ್ಮ ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ನನ್ನ ಬೆನ್ನುಜ್ಜಿದಾಳೆ, ಈಗ ನನ್ನ ಹೆಸರು ಕೇಳ್ತಾಳಲ್ಲೋ ಇವಳು!"

"ನಿಯಮ, ಮಿಸ್ ಡೆಲ್ಫಾ. ಹೇಳ್ಲೇಬೇಕು." ನಮ್ಮ ಕಡೆ ಅಜ್ಜಿಯರನ್ನೂ ಗೌರವಕ್ಕೆ ಮಿಸ್ ಎಂದೇ ಕರೆಯುವುದು.

ಅಮ್ಮ ಹೇಳಿದಳು. ವಯಸ್ಸು ಎರಡು ವರ್ಷ ಕಡಿಮೆಯಾಗುವ ಹಾಗೆ ಹುಟ್ಟಿದ ವರ್ಷ ಹೇಳಿದಳು, ರೀವಾ ಕಾಗದ ನೋಡಿ ತಿದ್ದಿದಳು. ಬೀಗ ತೆಗೆದು, ಮಾತ್ರೆ ತೆಗೆದು, ನೀರಿನ ಲೋಟದ ಜೊತೆ ಕೊಟ್ಟಳು. ಅಮ್ಮ ನುಂಗಿದಳು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಮೂರು ನಿಮಿಷ.

"ಇಷ್ಟೇನಾ?" ಎಂದಳು ಅಮ್ಮ. "ಇದಕ್ಕಾ ಒಂದು ವರ್ಷ ಬೆಟ್ಟ ಹತ್ತಿ ಇಳಿದದ್ದು?"

"ಇದಕ್ಕೇ, ಮಿಸ್ ಡೆಲ್ಫಾ."

ಅಮ್ಮ ಲೋಟ ವಾಪಸು ಕೊಟ್ಟಳು. ಆಮೇಲೆ ಹೊದಿಕೆಯ ಮೇಲೆ ಕೈ ಚಾಚಿದಳು. "ನರ್ಸಮ್ಮ ಆದೆ ಅಂತ ಕೈ ಹಿಡಿಯೋದು ಬಿಟ್ಟುಬಿಡ್ತೀಯಾ?"

ರೀವಾ ಬಗ್ಗಿ ಆ ಕೈ ಹಿಡಿದಳು. ಕಾರಿಡಾರಿನಲ್ಲಿ ಇನ್ನೂ ಹದಿನೆಂಟು ಕೋಣೆಗಳು ಕಾಯುತ್ತಿದ್ದವು. ಅವಳು ಒಮ್ಮೆ ಗಾಡಿಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. "ಮಿಸ್ಟರ್ ಹೋಬರ್ಟ್, ಬನ್ನಿ ಇಲ್ಲಿ," ಎಂದಳು. ಹುಡುಗರಿಗೆ ಬಸ್ಸಿನಲ್ಲಿ ಹೇಳುತ್ತಿದ್ದ ಅದೇ ದನಿ. ನಾನು ಟೋಪಿಯನ್ನು ಕಿಟಕಿಯ ಮೇಲಿಟ್ಟು ಹೋದೆ. ಅಮ್ಮನ ಕೈಯನ್ನು ಅವಳು ನನ್ನ ಕೈಯೊಳಗೆ ಇಟ್ಟು, ಗಾಡಿ ತಳ್ಳಿಕೊಂಡು ಹನ್ನೆರಡನೇ ಕೋಣೆಗೆ ಹೋದಳು.

ಆ ಕೈ ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. "ಬಿಗಿಯಾಗಿ ಹಿಡ್ಕೋಬೇಡ, ಇದು ಸ್ಟಿಯರಿಂಗ್ ಅಲ್ಲ," ಎಂದಳು ಅಮ್ಮ. ಸಡಿಲಿಸಿದೆ. ಅವಳಿಗೆ ನಿದ್ದೆ ಬರುವವರೆಗೂ ಹಾಗೇ ಕೂತಿದ್ದೆ.